ಜನರ ದುಡ್ಡಲ್ಲಿ ಹುಟ್ಟಿದ ಔಷಧಿ: ಬೆಲೆಯ ಷರತ್ತು ಬರೆಯಬೇಕಾದ್ದು ಯಾವಾಗ?

ಪ್ರಶ್ನೆ: ನಮ್ಮ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್. ವೈದ್ಯರು ಎಂಜಲುಟಮೈಡ್ ಎಂಬ ಔಷಧಿ ಬರೆದುಕೊಟ್ಟಿದ್ದಾರೆ. ಇದನ್ನು ಕಂಡುಹಿಡಿದದ್ದು ಅಮೆರಿಕದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯ, ಅದೂ ಅಲ್ಲಿನ ಸರ್ಕಾರದ ದುಡ್ಡಿನಲ್ಲಿ ಎಂದು ಓದಿದೆ. ಹಾಗಿದ್ದರೂ ಅಲ್ಲಿನ ರೋಗಿಗಳಿಗೆ ಅದು ಅಷ್ಟು ದುಬಾರಿ ಯಾಕೆ? ತೆರಿಗೆ ಕಟ್ಟಿದ ಜನಕ್ಕೆ ಯಾವ ಹಕ್ಕೂ ಇಲ್ಲವೇ? ನಮ್ಮ ದೇಶದಲ್ಲಿ ಸರ್ಕಾರದ ಹಣದಿಂದ ತಯಾರಾದ ಔಷಧಿ, ಲಸಿಕೆಗಳ ಕಥೆ ಏನು? — ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ತಂದೆಯವರ ಔಷಧಿಯ ಬಗ್ಗೆ ಹೇಳಿಬಿಡುತ್ತೇನೆ, ಅದು ತುರ್ತಿನ ವಿಷಯ. ಎಂಜಲುಟಮೈಡ್‌ನ ಮೂಲ ಬ್ರ್ಯಾಂಡ್ ಹೆಸರು ಎಕ್ಸ್‌ಟಾಂಡಿ. ಭಾರತದಲ್ಲಿ ಹಲವು ಕಂಪನಿಗಳು ಇದರ ಜನರಿಕ್, ಅಂದರೆ ಅದೇ ಮದ್ದಿನ ಅಗ್ಗದ ರೂಪ, ತಯಾರಿಸುತ್ತವೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಜನರಿಕ್ ಬರೆದುಕೊಡಲು ವೈದ್ಯರನ್ನು ಕೇಳಿ. ಒಂದೇ ಅಂಗಡಿಯ ಮಾತಿಗೆ ಒಪ್ಪಬೇಡಿ, ಎರಡು ಮೂರು ಕಡೆ ವಿಚಾರಿಸಿ. ಕ್ಯಾನ್ಸರ್ ಔಷಧಿಗಳಲ್ಲಿ ಡಬ್ಬದ ಮೇಲೆ ಅಚ್ಚಾದ ಎಂಆರ್‌ಪಿಗೂ ಕೊನೆಗೆ ಕೊಡುವ ಬೆಲೆಗೂ ಅಜಗಜಾಂತರ ಇರುವುದು ಮಾಮೂಲು.

ಜನರಿಕ್ ಇಲ್ಲಿ ಸಿಗುತ್ತಿರುವುದು ಸುಮ್ನೆ ಅಲ್ಲ. ಈ ಔಷಧಿಗೆ ಭಾರತದಲ್ಲಿ ಪೇಟೆಂಟ್, ಅಂದರೆ ಕೆಲವು ವರ್ಷ ಬೇರೆ ಯಾರೂ ತಯಾರಿಸಬಾರದೆಂಬ ಹಕ್ಕು, ಬೇಕೆಂದು ಅರ್ಜಿ ಬಂದಿತ್ತು. ಕಂಪನಿಗಳೂ ಕೆಲವು ವ್ಯಕ್ತಿಗಳೂ ತಕರಾರು ಸಲ್ಲಿಸಿದರು. 2016ರ ನವೆಂಬರ್‌ನಲ್ಲಿ ದೆಹಲಿಯ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಆ ನಿರ್ಧಾರದ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದವರು ಯಾರು ಗೊತ್ತಾ? ಔಷಧಿ ಕಂಪನಿಯಲ್ಲ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ನೀವು ಓದಿದ ಆ ಸಾರ್ವಜನಿಕ ವಿಶ್ವವಿದ್ಯಾಲಯವೇ. ಜನರ ದುಡ್ಡಿನಲ್ಲಿ ನಡೆಯುವ ಸಂಸ್ಥೆಯೊಂದು ಬಡ ದೇಶದ ರೋಗಿಗಳಿಗೆ ಅಗ್ಗದ ಔಷಧಿ ಸಿಗದಂತೆ ವ್ಯಾಜ್ಯ ಹೂಡುವುದು ಹೇಗೆ ಸಾಧ್ಯ? ಇದು ಅರ್ಥವಾದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕಂತೆ.

ಎಂಜಲುಟಮೈಡ್ ರೂಪುಗೊಂಡದ್ದು ಆ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕ್ಯಾಂಪಸ್‌ನಲ್ಲಿ. ರಸಾಯನಶಾಸ್ತ್ರಜ್ಞ ಮೈಕೆಲ್ ಜಂಗ್ ಮತ್ತು ಕ್ಯಾನ್ಸರ್ ತಜ್ಞ ಚಾರ್ಲ್ಸ್ ಸಾಯರ್ಸ್ ಅವರ ತಂಡಗಳ ಕೆಲಸ ಅದು. ಹಣ ಬಂದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಿಂದ ಮತ್ತು ಅಲ್ಲಿನ ಸೇನೆಯ ವೈದ್ಯಕೀಯ ಸಂಶೋಧನಾ ನಿಧಿಯಿಂದ. ಇದರ ಅಮೆರಿಕನ್ ಪೇಟೆಂಟ್ ಸಂಖ್ಯೆ 7,709,517. ಸರ್ಕಾರದ ಹಣ ಪಡೆದವರು ಇಂಥ ಪೇಟೆಂಟಿನಲ್ಲಿ ಒಂದು ವಾಕ್ಯ ಬರೆಯಲೇಬೇಕು: ಈ ಆವಿಷ್ಕಾರ ಸರ್ಕಾರದ ನೆರವಿನಿಂದ ಆದದ್ದು, ಇದರಲ್ಲಿ ಸರ್ಕಾರಕ್ಕೆ ಕೆಲವು ಹಕ್ಕುಗಳಿವೆ. ತೆರಿಗೆ ಕಟ್ಟಿದವರಿಗೆ ಹಕ್ಕಿಲ್ಲವೇ ಎಂದು ಕೇಳಿದಿರಿ. ಇದೆ, ಪೇಟೆಂಟಿನ ಮೇಲೇ ಬರೆದಿರುತ್ತಾರೆ.

ಆ ‘ಕೆಲವು ಹಕ್ಕುಗಳು’ ಎಲ್ಲಿಂದ ಬಂದವು? 1980ರ ಡಿಸೆಂಬರ್‌ನಲ್ಲಿ ಅಮೆರಿಕ ಬೇ-ಡೋಲ್ ಕಾಯ್ದೆ ತಂದಿತು. ಬರ್ಚ್ ಬೇ, ರಾಬರ್ಟ್ ಡೋಲ್ ಎಂಬ ಇಬ್ಬರು ಸೆನೆಟರ್‌ಗಳ ಹೆಸರು ಅದಕ್ಕೆ. ಅದಕ್ಕೆ ಮೊದಲು ಸರ್ಕಾರದ ದುಡ್ಡಿನ ಆವಿಷ್ಕಾರಗಳು ಬಹುಪಾಲು ಸರ್ಕಾರದ ಹೆಸರಿನಲ್ಲೇ ಉಳಿಯುತ್ತಿದ್ದವು. ಹೆಚ್ಚಿನವು ಫೈಲಿನಲ್ಲೇ ಕೂತು ಹಳೆಯದಾಗುತ್ತಿದ್ದವು ಎಂಬ ದೂರಿತ್ತು. ಹೊಸ ಕಾಯ್ದೆ ಪೇಟೆಂಟನ್ನು ವಿಶ್ವವಿದ್ಯಾಲಯಗಳಿಗೆ ಮತ್ತು ಸಣ್ಣ ಕಂಪನಿಗಳಿಗೆ ಬಿಟ್ಟುಕೊಟ್ಟಿತು. ಬದಲಿಗೆ ಸರ್ಕಾರ ಎರಡು ಹಕ್ಕು ಇಟ್ಟುಕೊಂಡಿತು. ಒಂದು, ಸರ್ಕಾರ ತನ್ನ ಉಪಯೋಗಕ್ಕೆ ರಾಯಲ್ಟಿ (ಪೇಟೆಂಟ್ ಒಡೆಯರಿಗೆ ಸಲ್ಲಬೇಕಾದ ಪಾಲು) ಕೊಡದೆ ಆ ಆವಿಷ್ಕಾರವನ್ನು ಬಳಸಬಹುದು, ಬೇರೆಯವರಿಂದ ಮಾಡಿಸಿಕೊಳ್ಳಲೂಬಹುದು. ಇನ್ನೊಂದಕ್ಕೆ ‘ಮಾರ್ಚ್-ಇನ್’ ಹಕ್ಕು ಅಂತಾರೆ. ಪೇಟೆಂಟ್ ಪಡೆದವರು ಅದನ್ನು ಜನರಿಗೆ ತಲುಪಿಸದಿದ್ದರೆ, ಅಥವಾ ಆರೋಗ್ಯದ ಅಗತ್ಯ ಪೂರೈಸದಿದ್ದರೆ, ಸರ್ಕಾರ ನಡುವೆ ಬಂದು ಬೇರೆ ತಯಾರಕರಿಗೆ ಪರವಾನಗಿ ಕೊಡಿಸಬಹುದು. ‘ಜನರಿಗೆ ತಲುಪಿಸುವುದು’ ಎಂದರೆ ಏನು ಎಂಬುದನ್ನೂ ಕಾಯ್ದೆಯೇ ಹೇಳುತ್ತದೆ: ಸಮಂಜಸವಾದ ಷರತ್ತುಗಳ ಮೇಲೆ ಸಿಗುವಂತೆ ಮಾಡುವುದು.

ಔಷಧಿ ಕೊಳ್ಳುವವರಿಗೆ ಬೆಲೆಗಿಂತ ದೊಡ್ಡ ಷರತ್ತು ಯಾವುದಿದೆ? ನನಗೆ ಈ ಮಾತು ಸ್ಪಷ್ಟವಾಗಿಯೇ ಇದೆ. ಆದರೆ ಬೇ ಮತ್ತು ಡೋಲ್ ಇಬ್ಬರೂ 2002ರಲ್ಲಿ ಪತ್ರಿಕೆಗೆ ಬರೆದು, ಬೆಲೆ ನಿಯಂತ್ರಣ ತಮ್ಮ ಕಾಯ್ದೆಯ ಉದ್ದೇಶವಾಗಿರಲಿಲ್ಲ ಎಂದರು. ಅಲ್ಲಿಂದ ಮುಂದೆ ಬೆಲೆಯ ಪ್ರಶ್ನೆ ಎತ್ತಿದವರಿಗೆಲ್ಲ ಈ ಮಾತನ್ನೇ ಎದುರಿಗೆ ಹಿಡಿಯಲಾಗುತ್ತಿದೆ.

ಈಗ ಎಕ್ಸ್‌ಟಾಂಡಿಗೆ ಬರೋಣ. ವಿಶ್ವವಿದ್ಯಾಲಯ 2005ರಲ್ಲಿ ಮೆಡಿವೇಶನ್ ಎಂಬ ಸಣ್ಣ ಕಂಪನಿಗೆ ಲೈಸೆನ್ಸ್ ಕೊಟ್ಟಿತು. ಜಪಾನಿನ ಅಸ್ಟೆಲಾಸ್ ಪಾಲುದಾರನಾಗಿ ಸೇರಿಕೊಂಡಿತು. ರೋಗಿಗಳ ಮೇಲಿನ ದೊಡ್ಡ ಪ್ರಯೋಗಗಳಿಗೆ ಹಣ ಹಾಕಿದ್ದು ಈ ಕಂಪನಿಗಳೇ. ಅದು ಸಣ್ಣ ಖರ್ಚಲ್ಲ, ಸಣ್ಣ ಅಪಾಯವೂ ಅಲ್ಲ. 2012ರ ಆಗಸ್ಟ್‌ನಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ದಿನಕ್ಕೆ 40 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್. 2016ರ ಹೊತ್ತಿಗೆ ಅಮೆರಿಕದಲ್ಲಿ ಒಂದು ಕ್ಯಾಪ್ಸೂಲಿನ ಪಟ್ಟಿ ಬೆಲೆ 88 ಡಾಲರ್ ದಾಟಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ 1,29,000 ಡಾಲರ್! ಅದೇ ಕಂಪನಿ, ಅದೇ ಕ್ಯಾಪ್ಸೂಲು, ಕೆನಡಾದಲ್ಲೂ ಜಪಾನಿನಲ್ಲೂ ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅಂದರೆ ಸಂಶೋಧನೆಗೆ ದುಡ್ಡು ಕೊಟ್ಟ ದೇಶದ ಜನರೇ ಎಲ್ಲರಿಗಿಂತ ಜಾಸ್ತಿ ತೆತ್ತರು.

2016ರ ಜನವರಿಯಲ್ಲಿ ಎರಡು ಸಂಘಟನೆಗಳು ಸರ್ಕಾರಕ್ಕೆ ಅರ್ಜಿ ಕೊಟ್ಟವು: ನಿಮ್ಮ ಮಾರ್ಚ್-ಇನ್ ಹಕ್ಕು ಬಳಸಿ, ಬೇರೆಯವರಿಗೂ ತಯಾರಿಸಲು ಬಿಡಿ. ಕೆನಡಾದ ಒಂದು ಜನರಿಕ್ ಕಂಪನಿ ಕ್ಯಾಪ್ಸೂಲಿಗೆ 3 ಡಾಲರ್‌ನಂತೆ ಕೊಡಲು ಮುಂದೆಯೂ ಬಂತು. ಜೂನ್‌ನಲ್ಲಿ ಎನ್‌ಐಎಚ್ ಅರ್ಜಿಯನ್ನು ತಿರಸ್ಕರಿಸಿತು. ಔಷಧಿ ಮಾರುಕಟ್ಟೆಯಲ್ಲಿ ಸಿಗುತ್ತಿದೆ, ಕೊರತೆ ಇಲ್ಲ ಎಂಬುದು ಅದರ ನಿಲುವು. 2021ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ ರೋಗಿಗಳೇ ಮತ್ತೆ ಅರ್ಜಿ ಹಾಕಿದರು. 2023ರ ಮಾರ್ಚ್‌ನಲ್ಲಿ ಅದೂ ತಿರಸ್ಕಾರವಾಯಿತು. ಈ ಸಲ ಹೊಸದೊಂದು ಕಾರಣ ಸೇರಿತ್ತು: ಮಾರ್ಚ್-ಇನ್ ಪ್ರಕ್ರಿಯೆ ಬಹಳ ಉದ್ದ, ಪೇಟೆಂಟ್ ಅವಧಿ ಉಳಿದಿರುವುದು ಕಡಿಮೆ, ಹಾಗಾಗಿ ಇದರಿಂದ ಬೆಲೆ ಇಳಿಸುವುದು ಆಗುವ ಕೆಲಸವಲ್ಲ.

ಈ ಕಾರಣ ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಪೇಟೆಂಟ್ ಮುಗಿಯುವುದು 2027ಕ್ಕೆ. ಮೊದಲ ಅರ್ಜಿ ಕೊಟ್ಟಾಗ 11 ವರ್ಷ ಉಳಿದಿತ್ತು. ಆಗ ಬೇಡ ಎಂದವರೇ ಏಳು ವರ್ಷ ಕಳೆದ ಮೇಲೆ ಸಮಯ ಸಾಲದು ಎಂದರು.

ಇದೇ ಮೊದಲೇನಲ್ಲ. 2003ರ ಡಿಸೆಂಬರ್‌ನಲ್ಲಿ ಅಬಾಟ್ ಕಂಪನಿ ಎಚ್‌ಐವಿ ಔಷಧಿ ನಾರ್ವಿರ್‌ನ ಬೆಲೆಯನ್ನು ಒಂದೇ ಸಲಕ್ಕೆ ಐದು ಪಟ್ಟು ಮಾಡಿತು. ಆ ಔಷಧಿಯ ಆರಂಭದ ಸಂಶೋಧನೆಯಲ್ಲೂ ಎನ್‌ಐಎಚ್ ಹಣವಿತ್ತು. ಅರ್ಜಿ ಹೋಯಿತು. ಬೆಲೆಯ ವಿಷಯ ಸಂಸತ್ತು ನೋಡಿಕೊಳ್ಳಬೇಕಾದ್ದು ಎಂದು 2004ರಲ್ಲಿ ಉತ್ತರ ಬಂತು. ಕಾಯ್ದೆ ಬಂದು ನಾಲ್ಕು ದಶಕ ದಾಟಿದೆ. ಮಾರ್ಚ್-ಇನ್ ಹಕ್ಕನ್ನು ಒಂದೇ ಒಂದು ಔಷಧಿಗೂ ಬಳಸಿಲ್ಲ. 2023ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರ ಒಂದು ಕರಡು ತಂದು, ಈ ಹಕ್ಕು ಬಳಸುವಾಗ ಬೆಲೆಯನ್ನೂ ಪರಿಗಣಿಸಬಹುದು ಎಂದಿತು. ಆ ಅವಧಿ ಮುಗಿಯುವವರೆಗೂ ಅದು ಕರಡಾಗಿಯೇ ಉಳಿಯಿತು. ಕೊನೆಗೆ ಎಕ್ಸ್‌ಟಾಂಡಿ ಬೆಲೆಗೆ ಕೈಹಾಕಿದ್ದು ಬೇರೆಯೇ ಕಾನೂನು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕಂಪನಿಗಳ ಜೊತೆ ಚೌಕಾಸಿ ಮಾಡಬಹುದಾದ ಔಷಧಿಗಳ ಪಟ್ಟಿಗೆ 2025ರ ಜನವರಿಯಲ್ಲಿ ಇದೂ ಸೇರಿತು. ಆ ಬೆಲೆ ಜಾರಿಗೆ ಬರುವುದು 2027ಕ್ಕೆ, ಪೇಟೆಂಟ್ ಮುಗಿಯುವ ವರ್ಷವೇ.

ವಿಶ್ವವಿದ್ಯಾಲಯ ಇಲ್ಲಿಗೆ ಬಂದು ಯಾಕೆ ಹೋರಾಡಿತು ಎಂಬುದು ಬಾಕಿ ಇದೆ ಅಲ್ವಾ? ಉತ್ತರ ರಾಯಲ್ಟಿಯಲ್ಲಿದೆ. ಲೈಸೆನ್ಸ್ ಕೊಟ್ಟಾಗ ವಿಶ್ವವಿದ್ಯಾಲಯ ಮಾರಾಟದಲ್ಲಿ ಪಾಲು ಕೇಳಿತ್ತು. 2016ರ ಮಾರ್ಚ್‌ನಲ್ಲಿ ಮುಂದೆ ಬರಬೇಕಾದ ಆ ರಾಯಲ್ಟಿಯನ್ನು ರಾಯಲ್ಟಿ ಫಾರ್ಮಾ ಎಂಬ ಹೂಡಿಕೆ ಸಂಸ್ಥೆಗೆ ಮಾರಲಾಯಿತು. ಒಟ್ಟು ಸುಮಾರು 114 ಕೋಟಿ ಡಾಲರ್, ಅದರಲ್ಲಿ ಯುಸಿಎಲ್‌ಎ ಪಾಲು ಸುಮಾರು 52 ಕೋಟಿ. ಆ ವರ್ಷವೇ ಫೈಜರ್ ಕಂಪನಿ ಮೆಡಿವೇಶನ್ ಅನ್ನು ಸುಮಾರು 1,400 ಕೋಟಿ ಡಾಲರ್‌ಗೆ ಕೊಂಡಿತು. ಆ ಬೆಲೆಯಲ್ಲಿ ದೊಡ್ಡ ಪಾಲು ಈ ಒಂದು ಔಷಧಿಯದೇ.

ರಾಯಲ್ಟಿ ಎಂದರೆ ಜನರ ದುಡ್ಡು ಜನರ ಸಂಸ್ಥೆಗೆ ವಾಪಸ್ ಬಂತು, ಒಳ್ಳೆಯದೇ ಆಯಿತಲ್ಲ ಎಂದು ಅನಿಸುತ್ತದೆ. ನಾನು ಹಾಗೆ ನೋಡುವುದಿಲ್ಲ. ರಾಯಲ್ಟಿ ಮಾರಾಟದ ಮೊತ್ತದ ಮೇಲೆ ನಿಂತಿರುತ್ತದೆ. ಬೆಲೆ ಏರಿದಷ್ಟೂ ಪಾಲು ಏರುತ್ತದೆ. ಜನರ ಪರ ನಿಲ್ಲಬೇಕಾದ ಸಂಸ್ಥೆಗೆ ದುಬಾರಿ ಬೆಲೆಯಲ್ಲೇ ಲಾಭ ಕಾಣತೊಡಗುತ್ತದೆ. ಇನ್ನು ಆ ಪಾಲನ್ನು ಕಟ್ಟುವವರು ಯಾರು? ರೋಗಿಗಳು. ಒಮ್ಮೆ ತೆರಿಗೆಯಲ್ಲಿ ಕಟ್ಟಿದವರು ಔಷಧಿ ಅಂಗಡಿಯಲ್ಲಿ ಎರಡನೇ ಸಲ ಕಟ್ಟುತ್ತಾರೆ.

ಹಾಗಾದರೆ ಬೇರೆ ದಾರಿ ಇತ್ತೇ? ಇತ್ತು. ಅದು ಪುಣೆಯ ಮೂಲಕ ಹಾದುಹೋಗುತ್ತದೆ.

ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಸಹೇಲ್ ಪ್ರದೇಶದಲ್ಲಿ ಮೆನಿಂಜೈಟಿಸ್ ‘ಎ’ ಎಂಬ ಮಿದುಳು ಪೊರೆಯ ಸೋಂಕಿನ ಸಾಂಕ್ರಾಮಿಕ ವರ್ಷಗಟ್ಟಲೆ ಮಕ್ಕಳನ್ನೂ ಯುವಕರನ್ನೂ ಕೊಲ್ಲುತ್ತಿತ್ತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾಥ್ ಎಂಬ ಸಂಸ್ಥೆ ಸೇರಿ ಲಸಿಕೆ ಯೋಜನೆ ಶುರುಮಾಡಿದವು. ಮೊದಲು ಮಾಡಿದ ಕೆಲಸವೇ ಆಫ್ರಿಕಾದ ಆರೋಗ್ಯ ಅಧಿಕಾರಿಗಳನ್ನು ಕೇಳಿದ್ದು: ನಿಮ್ಮ ಕೈಗೆ ಎಟುಕುವ ಬೆಲೆ ಎಷ್ಟು? ಡೋಸ್‌ಗೆ ಅರ್ಧ ಡಾಲರ್ ಮೀರಿದರೆ ನಮ್ಮಿಂದ ಆಗದು ಎಂದರು. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಮುರಿದುಬಿತ್ತು. ಆಗ ಅಮೆರಿಕ ಸರ್ಕಾರದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಪ್ರಯೋಗಾಲಯದ ವಿಜ್ಞಾನಿಗಳು ಲಸಿಕೆ ತಯಾರಿಸಲು ತಾವು ರೂಪಿಸಿದ ವಿಧಾನವನ್ನು ಕೊಟ್ಟರು. ಅದನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ಗೆ ಕಲಿಸಲಾಯಿತು. ತಂತ್ರಜ್ಞಾನ ನಿಮಗೆ, ಬೆಲೆ ಮಾತ್ರ ಅರ್ಧ ಡಾಲರ್ ಒಳಗೆ ಎಂಬ ಒಪ್ಪಂದ. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೋದಲ್ಲಿ ಲಸಿಕೆ ಹಾಕುವುದು ಶುರುವಾಯಿತು. ಮುಂದೆ 30 ಕೋಟಿಗೂ ಹೆಚ್ಚು ಜನಕ್ಕೆ ಅದು ಸಿಕ್ಕಿತು. ಲಸಿಕೆ ಹೋದ ಕಡೆಯೆಲ್ಲ ಆ ‘ಎ’ ಬಗೆಯ ರೋಗ ಹೆಚ್ಚುಕಡಿಮೆ ಕಾಣೆಯಾಯಿತು. ಕಂಪನಿಯೇನೂ ಮುಳುಗಲಿಲ್ಲ.

ಎರಡು ಕಥೆಗಳಲ್ಲೂ ಅಮೆರಿಕದ ಸರ್ಕಾರಿ ವಿಜ್ಞಾನವಿದೆ, ಖಾಸಗಿ ತಯಾರಕರಿದ್ದಾರೆ. ವ್ಯತ್ಯಾಸ ಇರುವುದು ಒಂದೇ ಕಡೆ. ಒಂದರಲ್ಲಿ ಬೆಲೆಯ ಮಾತು ತಂತ್ರಜ್ಞಾನ ಕೈಬಿಡುವ ಮೊದಲೇ ಆಯಿತು, ಇನ್ನೊಂದರಲ್ಲಿ ಹತ್ತು ವರ್ಷದ ಮೇಲೆ. ಜಮೀನು ಗುತ್ತಿಗೆಗೆ ಕೊಡುವಾಗ ಷರತ್ತನ್ನು ಬಿತ್ತನೆಗೆ ಮೊದಲು ಬರೆಸಿಕೊಳ್ಳುತ್ತೇವೆ, ಬೆಳೆ ಕಣಕ್ಕೆ ಬಂದ ಮೇಲಲ್ಲ. ಸರ್ಕಾರ ಕೈಯಲ್ಲಿ ಎಂಥ ಹಕ್ಕು ಇಟ್ಟುಕೊಂಡರೂ, ಕಂಪನಿ ನೂರಾರು ಕೋಟಿ ಸುರಿದ ಮೇಲೆ ಅದನ್ನು ಚಲಾಯಿಸಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ.

ಷರತ್ತು ಸುಮ್ನೆ ಇದ್ದರೂ ಸಾಲದು. ಏಡ್ಸ್ ಔಷಧಿ ಎಝಡ್‌ಟಿಯ ಬೆಲೆಗೆ ಜನ ಬೀದಿಗಿಳಿದ ಮೇಲೆ, 1989ರಲ್ಲಿ ಎನ್‌ಐಎಚ್ ತನ್ನ ಸಹಯೋಗದ ಒಪ್ಪಂದಗಳಲ್ಲಿ ‘ಸಮಂಜಸ ಬೆಲೆ’ಯ ಷರತ್ತು ಸೇರಿಸಿತ್ತು. ಅಂಕಿ ಇಲ್ಲ, ಲೆಕ್ಕದ ಸೂತ್ರ ಇಲ್ಲ. ಬೆಲೆಗೂ ಸರ್ಕಾರದ ಹೂಡಿಕೆಗೂ ಸಮಂಜಸ ಸಂಬಂಧ ಇರಬೇಕು ಎಂಬಂಥ ಮಾತು. ಯಾವುದು ಸಮಂಜಸ ಎಂದು ಯಾರಿಗೂ ಗೊತ್ತಾಗಲಿಲ್ಲ. ಕಂಪನಿಗಳು ದೂರ ಸರಿಯುತ್ತಿವೆ ಎಂದು 1995ರಲ್ಲಿ ಅದನ್ನು ತೆಗೆದುಹಾಕಿದರು. ಕಂಪನಿಗಳ ಹಿಂಜರಿಕೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮುಂದೆ ಯಾವನೋ ಅಧಿಕಾರಿ ಏನು ತೀರ್ಮಾನಿಸುತ್ತಾನೋ ಎಂಬ ಭಯದಲ್ಲಿ ಯಾರು ಹಣ ಹಾಕುತ್ತಾರೆ? ‘ಅರ್ಧ ಡಾಲರ್ ಒಳಗೆ’ ಎಂದರೆ ಆ ಭಯವಿಲ್ಲ. ಲೆಕ್ಕ ಹಾಕಿ ನೋಡಿ ಆಗುತ್ತದೆ, ಇಲ್ಲ ಎಂದು ಮೊದಲ ದಿನವೇ ಹೇಳಬಹುದು.

ಈಗ ನಮ್ಮ ಮನೆಯ ವಿಷಯ. ನಮ್ಮಲ್ಲೂ ಎರಡು ಬಗೆಯ ಕಥೆಗಳಿವೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ರೋಟಾವೈರಸ್ ಎಳೆಯ ಮಕ್ಕಳಿಗೆ ವಿಪರೀತ ಭೇದಿ ತರುವ ವೈರಸ್. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡ ನವಜಾತ ಶಿಶುಗಳಲ್ಲಿ 116ಇ ಎಂಬ ತಳಿಯನ್ನು ಕಂಡಿತು. ಈ ವೈರಸ್ ತಗುಲಿದರೂ ಮಕ್ಕಳು ಕಾಯಿಲೆ ಬೀಳುತ್ತಿರಲಿಲ್ಲ. ನಮ್ಮ ಬೆಂಗಳೂರಿನ ಶಿಶುಗಳಲ್ಲೂ ಅಂಥದ್ದೇ ಒಂದು ತಳಿ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿದ ಐ321 ಅದು. ಎರಡನ್ನೂ ಪರೀಕ್ಷಿಸಿ ನೋಡಿ 116ಇ ಅನ್ನು ಲಸಿಕೆಯಾಗಿ ಮುಂದಕ್ಕೆ ಒಯ್ದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಎನ್‌ಐಎಚ್, ದತ್ತಿ ಸಂಸ್ಥೆಗಳು ಎಲ್ಲ ಸೇರಿ ಹಣ ಹಾಕಿದವು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಕ. ಸರ್ಕಾರಕ್ಕೆ ಡೋಸ್‌ಗೆ 1 ಡಾಲರ್ ಬೆಲೆಯಲ್ಲಿ ಕೊಡುತ್ತೇವೆ ಎಂದು ಕಂಪನಿ ಮೊದಲೇ ಮಾತು ಕೊಟ್ಟಿತ್ತು. 2013ರಲ್ಲಿ ಪ್ರಯೋಗದ ಫಲಿತಾಂಶ ಬಂದಾಗ ಆ ಬೆಲೆಯನ್ನೇ ಸಾರಿತು. 2016ರಿಂದ ರೋಟಾವ್ಯಾಕ್ ಹೆಸರಿನ ಈ ಲಸಿಕೆ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗತೊಡಗಿತು.

ಅದೇ ಕಂಪನಿ, ಅದೇ ಬಗೆಯ ಸರ್ಕಾರಿ ಸಹಯೋಗ, ಆದರೆ ಕೋವಿಡ್ ಲಸಿಕೆ ಕೋವ್ಯಾಕ್ಸಿನ್ ವಿಷಯದಲ್ಲಿ ಬೇರೆಯೇ ಆಯಿತು. ವೈರಸ್ ಬೇರ್ಪಡಿಸಿ ಕೊಟ್ಟದ್ದು ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪುಣೆ ವೈರಾಣು ಸಂಸ್ಥೆ. ಮೂರನೇ ಹಂತದ ಪ್ರಯೋಗಕ್ಕೆ ಐಸಿಎಂಆರ್ ಸುಮಾರು 35 ಕೋಟಿ ರೂಪಾಯಿ ಖರ್ಚು ಮಾಡಿತು. ಬದಲಿಗೆ ನಿವ್ವಳ ಮಾರಾಟದಲ್ಲಿ ಶೇ 5 ರಾಯಲ್ಟಿ. 2021ರ ಜುಲೈನಲ್ಲಿ ಸರ್ಕಾರವೇ ಸಂಸತ್ತಿಗೆ ಇದನ್ನು ತಿಳಿಸಿತು. ಬೆಲೆ? ಕೇಂದ್ರಕ್ಕೆ 150 ರೂಪಾಯಿ. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಜೋರಾಗಿದ್ದಾಗ, ರಾಜ್ಯಗಳಿಗೆ 600, ಖಾಸಗಿ ಆಸ್ಪತ್ರೆಗಳಿಗೆ 1,200 ಎಂದು ಕಂಪನಿ ಘೋಷಿಸಿತು. ಗಲಾಟೆಯಾದ ಮೇಲೆ ರಾಜ್ಯಗಳ ಬೆಲೆ 400ಕ್ಕೆ ಇಳಿಯಿತು. ಸಾರ್ವಜನಿಕ ಹಣದಿಂದ ಬಂದ ಲಸಿಕೆಗೆ ಇಷ್ಟು ಬೆಲೆ ಯಾಕೆ ಎಂದು ಸುಪ್ರೀಂ ಕೋರ್ಟ್ ಕೇಳಿತು. ಪೇಟೆಂಟ್ ಕಾಯ್ದೆಯಡಿ ಸರ್ಕಾರಕ್ಕೆ ಇರುವ ಅಧಿಕಾರಗಳನ್ನೂ ಎತ್ತಿ ತೋರಿಸಿತು. ಇಷ್ಟೆಲ್ಲ ಆಗಿ, ಪೇಟೆಂಟ್ ಅರ್ಜಿಯಲ್ಲಿ ಐಸಿಎಂಆರ್ ಹೆಸರೇ ಇಲ್ಲ ಎಂಬುದು 2024ರಲ್ಲಿ ಬಯಲಾಯಿತು. ಆಮೇಲೆ ಸಹ ಒಡೆಯ ಎಂದು ಸೇರಿಸಿದರು.

ಮಹಾಮಾರಿಯ ಹೊತ್ತಿನಲ್ಲಿ ಕೂತು ಒಪ್ಪಂದ ತಿದ್ದಲು ಪುರುಸೊತ್ತು ಇರಲಿಲ್ಲ ಎನ್ನಬಹುದು. ಒಪ್ಪುತ್ತೇನೆ. ಅದಕ್ಕೇ ಷರತ್ತಿನ ಮಾದರಿ ಮೊದಲೇ ಸಿದ್ಧವಿರಬೇಕು ಎನ್ನುವುದು.

ಕಾನೂನಿನ ಮಟ್ಟಿಗೆ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ. ನಮ್ಮ ಪೇಟೆಂಟ್ ಕಾಯ್ದೆಯ 84ನೇ ಕಲಂ ಬೆಲೆಯ ಹೆಸರನ್ನೇ ಹೇಳುತ್ತದೆ. ಪೇಟೆಂಟ್ ಸಿಕ್ಕಿ ಮೂರು ವರ್ಷವಾದರೂ ವಸ್ತು ಜನರ ಕೈಗೆಟುಕುವ ಬೆಲೆಗೆ ಸಿಗದಿದ್ದರೆ ಬೇರೆಯವರಿಗೆ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಒಡೆಯರು ಒಪ್ಪದಿದ್ದರೂ ಕೊಡುವ ಪರವಾನಗಿ) ಕೊಡಬಹುದು. 2012ರ ಮಾರ್ಚ್‌ನಲ್ಲಿ ಬೇಯರ್ ಕಂಪನಿಯ ನೆಕ್ಸವಾರ್ ಎಂಬ ಕ್ಯಾನ್ಸರ್ ಔಷಧಿಗೆ ಹೀಗೇ ಆಯಿತು. ತಿಂಗಳಿಗೆ 2,80,000 ರೂಪಾಯಿ ಇದ್ದದ್ದು ನ್ಯಾಟ್ಕೋ ಕಂಪನಿಯಿಂದ 8,880ಕ್ಕೆ ಸಿಕ್ಕಿತು. ಬೇಯರ್‌ಗೆ ರಾಯಲ್ಟಿಯೂ ಸಿಕ್ಕಿತು. ಆದರೆ ಈ ಕಲಂ ಅಡಿ ಲೈಸೆನ್ಸ್ ಕೊಟ್ಟದ್ದು ಅದೊಂದೇ ಸಲ. ಹಕ್ಕು ಬಳಸದೆ ತುಕ್ಕು ಹಿಡಿಯುವುದು ಅಮೆರಿಕದಲ್ಲಿ ಮಾತ್ರ ಅಲ್ಲ. ಅಮೆರಿಕದ ಬೇ-ಡೋಲ್ ಮಾದರಿಯಲ್ಲೇ ಒಂದು ಮಸೂದೆಯನ್ನು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರು. ಅದು ಪಾಸಾಗದೆ ವಾಪಸಾಯಿತು. ನನಗಂತೂ ಸಮಾಧಾನವೇ ಆಯಿತು.

ಹಾಗಂತ ಸುಮ್ಮನಿರುವ ಸಮಯವಲ್ಲ ಇದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19 ಎಂಬ ರಕ್ತದ ಕ್ಯಾನ್ಸರ್ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಅಮೆರಿಕದಲ್ಲಿ ಇಂಥ ಚಿಕಿತ್ಸೆ 3 ಕೋಟಿ ರೂಪಾಯಿ ದಾಟುತ್ತದೆ. ಇಲ್ಲಿ 30ರಿಂದ 40 ಲಕ್ಷ. ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಒಬ್ಬೊಬ್ಬ ರೋಗಿಯ ರಕ್ತಕಣ ತೆಗೆದು ಬೇರೆಬೇರೆಯಾಗಿ ತಯಾರಿಸುವುದರಿಂದ ಖರ್ಚೂ ನಿಜವಾಗಿ ಜಾಸ್ತಿ. ಆದರೂ ಒಬ್ಬ ಅಡಿಕೆ ಬೆಳೆಗಾರ ತೋಟ ಮಾರಿಯೇ ಕಟ್ಟಬೇಕಾದ ಮೊತ್ತ ಅದು. ಬೆಲೆ ನ್ಯಾಯವೋ ಅಲ್ಲವೋ ಎಂದು ಹೊರಗಿನವರು ಹೇಳಬೇಕಾದರೆ ಎರಡು ಕಾಗದ ಬೇಕು: ಖರ್ಚಿನ ಲೆಕ್ಕ, ಮತ್ತು ಸರ್ಕಾರಿ ಸಂಸ್ಥೆ ಮಾಡಿಕೊಂಡ ಲೈಸೆನ್ಸ್ ಒಪ್ಪಂದ. ಖರ್ಚಿನ ಲೆಕ್ಕ ಅದನ್ನು ತಯಾರಿಸುವ ಕಂಪನಿಯ ಹತ್ತಿರ ಇದೆ. ಒಪ್ಪಂದ ಮಾತ್ರ ನಮ್ಮದು.

ನೀವು ಏನಾದರೂ ಮಾಡಬೇಕು ಅಂತಿದ್ದರೆ ಇಲ್ಲಿಂದ ಶುರುಮಾಡಿ. ಐಸಿಎಂಆರ್, ಜೈವಿಕ ತಂತ್ರಜ್ಞಾನ ಇಲಾಖೆ, ಐಐಟಿಗಳು, ಬೆಂಗಳೂರಿನ ಐಐಎಸ್‌ಸಿ, ಇವೆಲ್ಲ ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತವೆ. ಹತ್ತು ರೂಪಾಯಿ ಶುಲ್ಕ. ನಿಮಗೆ ಮುಖ್ಯವೆನಿಸಿದ ಒಂದು ಔಷಧಿ ಆರಿಸಿ. ಲೈಸೆನ್ಸ್ ಒಬ್ಬರಿಗೇ ಕೊಟ್ಟದ್ದೋ, ಹಲವರಿಗೋ? ಬೆಲೆಗೆ ಗರಿಷ್ಠ ಮಿತಿ ಬರೆದಿದೆಯೇ, ಬರೆದಿದ್ದರೆ ಎಷ್ಟು? ಜನರಿಗೆ ತಲುಪಿಸದಿದ್ದರೆ ವಾಪಸ್ ಪಡೆಯುವ ಷರತ್ತಿದೆಯೇ? ರಾಯಲ್ಟಿ ಎಷ್ಟು, ಸರ್ಕಾರಿ ಆಸ್ಪತ್ರೆಗೆ ಮಾರಿದಾಗಲೂ ಅದು ಲಾಗುವೇ? ಇಷ್ಟು ಕೇಳಿ, ಒಪ್ಪಂದದ ಪ್ರತಿಯನ್ನೂ ಕೇಳಿ.

ವ್ಯಾಪಾರದ ಗುಟ್ಟು, ಕೊಡಲಾಗದು ಎಂಬ ಉತ್ತರ ಬಹುಶಃ ಬರುತ್ತದೆ. ಅದಕ್ಕೆ ಅವರು ತೋರಿಸುವುದು ಕಾಯ್ದೆಯ 8(1)(ಡಿ) ಕಲಂ. ಆ ಕಲಮಿಗೆ ಇನ್ನೊಂದು ಅರ್ಧವೂ ಇದೆ: ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಅಂಥ ಮಾಹಿತಿಯನ್ನೂ ಕೊಡಬಹುದು. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಆ ಎರಡನೇ ಅರ್ಧವನ್ನು ಪದಕ್ಕೆ ಪದ ಎತ್ತಿ ಬರೆಯಿರಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಬಹುದು. ಅರ್ಜಿಯ ಕರಡು ಬರೆದು ಕಳಿಸಿದರೆ ನೋಡಿ ತಿದ್ದಿಕೊಡುತ್ತೇನೆ.